ಮುಯ್ಯಿ ಪೀಸು

ಮೊಮ್ಮಗಳು ಸೂಪರ್‌ವೈಸರ್ ಆದ ದಿನ ನಾನು ಮಾಡಿದ ಕೇಸರಿಬಾತು ತಳ ಹಿಡಿಯಿತು. ಒಲೆಯ ಮುಂದೆ ನಿಂತಿದ್ದರೆ ತಾನೇ? ಸೌಟು ಕೈಯಲ್ಲಿ ಹಿಡಿದುಕೊಂಡೇ ವಠಾರದ ಒಂದೊಂದು ಬಾಗಿಲಿಗೂ ಹೋಗಿ, “ನಮ್ಮ ಹುಡುಗಿಗೆ ಬ್ಯಾಚು ಕೊಟ್ರು ಕಣ್ರೇ, ಇನ್ಮೇಲೆ ಅವಳೇ ಸೂಪರ್‌ವೈಸರು” ಎಂದು ಹೇಳಿ ಬರುವಷ್ಟರಲ್ಲಿ ಸೀದ ವಾಸನೆ ಬೀದಿಯ ತನಕ ಬಂದಿತ್ತು. ಸೀದದ್ದನ್ನು ಬಿಟ್ಟು ಮೇಲಿನದನ್ನು ಹಂಚಿದೆ. ಪಕ್ಕದ ಮನೆಯವಳು ತಿಂದು, “ಅಜ್ಜಿ, ಹೊಗಿ ವಾಸನಿ ಬರಾಕತ್ತೈತಿ, ಆದ್ರ ಸಿಹಿ ಜೋರೈತಿ” ಎಂದಳು. ಅವಳು ಉತ್ತರ ಕರ್ನಾಟಕದವಳು. ನಮ್ಮ ಹೆಗ್ಗನಹಳ್ಳಿಗೆ ಬಂದು ಕೆಲವು ವರ್ಷವಾಗಿತ್ತು. ಮೊಮ್ಮಗಳ ಬ್ಯಾಚಿನಲ್ಲೇ ಕಾಲರ್ ಕೂರಿಸುತ್ತಿದ್ದಳು. ಅದಕ್ಕೇ ಕಾರ್ಖಾನೆಯಲ್ಲೂ ವಠಾರದಲ್ಲೂ ಅವಳು ಎಲ್ಲರಿಗೂ ಕಾಲರ್ ಅಕ್ಕ.

ಗಾರ್ಮೆಂಟ್ಸ್ ಕಾಣದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಒಬ್ಬರೇ ಕೂತು ಇಡೀ ಶರ್ಟು ಹೊಲಿಯುವುದಿಲ್ಲ. ಸಾಲಾಗಿ ಮಿಷಿನ್ ಹಾಕಿರುತ್ತಾರೆ. ಒಬ್ಬಳು ಜೇಬು, ಒಬ್ಬಳು ತೋಳು, ಒಬ್ಬಳು ಕಾಲರು. ಶರ್ಟು ಕೈಯಿಂದ ಕೈಗೆ ದಾಟುತ್ತಾ ಹೋಗಿ ಕೊನೆಯಲ್ಲಿ ಶರ್ಟಾಗುತ್ತದೆ. ಆ ಸಾಲಿಗೇ ಬ್ಯಾಚು ಅನ್ನುವುದು. ನಾನೂ ಅಂಥದ್ದೇ ಒಂದು ಕಡೆ, ಬೇರೆ ಕಂಪನಿಯಲ್ಲಿ, ದಾರ ಕತ್ತರಿಸುವ ಹೆಲ್ಪರ್ ಆಗಿ ಬೆನ್ನು ಬಗ್ಗಿಸಿದವಳು. ಓದಿದ್ದು ಮೂರನೇ ಕ್ಲಾಸು. ನಮ್ಮ ಕಾಲಕ್ಕೆ ಸೂಪರ್‌ವೈಸರ್ ಅಂದರೆ ಬೈಯುವ ಗಂಡಸು, ಅಷ್ಟೇ. ಹೊಲಿಗೆ ಸೊಟ್ಟಗಾದರೆ ಬಟ್ಟೆಯನ್ನು ಮುಖದ ಮೇಲೆ ಎಸೆಯುತ್ತಿದ್ದ. ಬಚ್ಚಲಿಗೆ ಹೋಗಿ ಬಂದರೆ, “ಏನಮ್ಮ, ಅಲ್ಲೇ ಮಲಗಿಬಿಟ್ಟಿದ್ದಾ?” ಅನ್ನುತ್ತಿದ್ದ. ನಾವು ತಲೆ ತಗ್ಗಿಸಿ ದಾರ ಕತ್ತರಿಸುತ್ತಿದ್ದೆವು. ಆ ಜಾಗದಲ್ಲಿ ನನ್ನ ಮೊಮ್ಮಗಳು! ನಾನು ಸಾಕಿದ ಹುಡುಗಿ! ಅವಳ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸಲು ಬೆಳಕು ಹರಿಯುವ ಮುಂಚೆ ಹೋಗುವವಳು, ಹಾಗಾಗಿ ಜಡೆ ಹಾಕಿದ್ದು, ತುತ್ತು ತಿನ್ನಿಸಿದ್ದು, ಮಿಷಿನ್ ತುಳಿಯುವುದಕ್ಕೆ ಕಳಿಸಿದ್ದು ಎಲ್ಲ ನಾನೇ. ಮೊದಲ ದಿನ ಅವಳು ಸೂಪರ್‌ವೈಸರ್ ಕೋಟು ಹಾಕಿಕೊಂಡು ನಿಂತಾಗ ನನಗೆ ಕಣ್ಣು ಮಂಜಾಗಿ ಗುಂಡಿ ಹಾಕುವುದೂ ಆಗಲಿಲ್ಲ.

“ಅಜ್ಜಿ, ಬಿಡು, ನಾನೇ ಹಾಕ್ಕೋತೀನಿ.”

“ಸುಮ್ನಿರೇ. ಕೋಟು ಹಾಕಿದ್ ತಕ್ಷಣ ದೊಡ್ಡೋಳಾಗ್ಬಿಟ್ಯಾ?”

ಸೂಪರ್‌ವೈಸರ್ ಆದರೂ ಅವಳು ಬ್ಯಾಚಿನಲ್ಲಿ ಯಾರನ್ನೂ ಬೈಯುತ್ತಿರಲಿಲ್ಲ. ಇದನ್ನು ಕಾಲರ್ ಅಕ್ಕನೇ ನನಗೆ ಬಂದು ಹೇಳುತ್ತಿದ್ದಳು. ಬೆಳಿಗ್ಗೆ ಮಿಷಿನ್ ಶುರುವಾಗುವ ಮುಂಚೆ ನಮ್ಮ ಹುಡುಗಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳಂತೆ. ಒಬ್ಬೊಬ್ಬರ ಮಿಷಿನ್ ಮೇಲೂ ಕೈಯಿಟ್ಟು, “ಅಕ್ಕ, ತಿಂಡಿ ಆಯ್ತಾ? ಮಗೂಗೆ ಜ್ವರ ಬಿಡ್ತಾ?” ಅನ್ನುತ್ತಾಳಂತೆ. ಯಾರ ಮುಖ ಬಾಡಿದೆ, ಯಾರ ಗಂಡ ನಿನ್ನೆ ಗಲಾಟೆ ಮಾಡಿದ್ದಾನೆ, ಯಾರಿಗೆ ಹೊಟ್ಟೆನೋವಿನ ದಿನ, ಎಲ್ಲ ಆ ಒಂದು ಸುತ್ತಿನಲ್ಲಿ ಅವಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಅದಕ್ಕೆ ತಕ್ಕಂತೆ ಕೆಲಸ ಹಂಚುತ್ತಿದ್ದಳು. ಜನವನ್ನು ನಡೆಸುವುದು ಅಂದರೆ ಅದೇ ಅಲ್ಲವೇ. ಮನೆ ನಡೆಸಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಅವಳ ಬ್ಯಾಚಿನಲ್ಲಿ ಇನ್ನೊಂದು ರೂಢಿಯಿತ್ತು. ಅದು ನಮ್ಮ ಕಾಲದ್ದು, ಅದಕ್ಕೂ ಹಿಂದಿನದು. ಮಾಗಡಿ ಕಡೆ ನಮ್ಮ ಹಳ್ಳಿಯಲ್ಲಿ ರಾಗಿ ಕೊಯ್ಲಿಗೆ ಮುಯ್ಯಾಳು ಬರುತ್ತಿದ್ದರು. ಇವತ್ತು ನಿಮ್ಮ ಹೊಲಕ್ಕೆ ನಾನು, ಇನ್ನೊಂದು ದಿನ ನಮ್ಮ ಹೊಲಕ್ಕೆ ನೀವು. ಕೂಲಿ ಇಲ್ಲ, ಕಾಗದ ಇಲ್ಲ. ಆ ಹೆಂಗಸರೇ ಬೆಂಗಳೂರಿಗೆ ಬಂದು ಗಾರ್ಮೆಂಟ್ಸ್ ಸೇರಿದಾಗ ಅದನ್ನೂ ಸೆರಗಿನಲ್ಲಿ ಕಟ್ಟಿಕೊಂಡೇ ಬಂದರು. ಬ್ಯಾಚಿನಲ್ಲಿ ಒಬ್ಬಳಿಗೆ ಆಗದ ದಿನ ಅಕ್ಕಪಕ್ಕದವಳು ಅವಳ ಪಾಲಿನ ಒಂದಷ್ಟು ಹೊಲಿದು, ಸದ್ದಿಲ್ಲದೆ ಅವಳ ಬಂಡಲ್‌ಗೆ ಸೇರಿಸಿಬಿಡುವುದು. ಅವಳು ಮೈ ನೆಟ್ಟಗಾದ ಮೇಲೆ ಅದನ್ನು ತೀರಿಸುವುದು, ಕೊಟ್ಟವಳಿಗೇ ಆಗಬೇಕೆಂದಿಲ್ಲ, ಯಾರಿಗಾದರೂ. ಅದಕ್ಕೆ ಮುಯ್ಯಿ ಪೀಸು ಅನ್ನುತ್ತಿದ್ದೆವು. ಬಸುರಿಯರು ದಿನ ತುಂಬುವ ತನಕ ಕೆಲಸ ಉಳಿಸಿಕೊಂಡಿದ್ದು ಇದರಿಂದ. ಗಂಡಸು ಸೂಪರ್‌ವೈಸರ್‌ಗಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ತಮ್ಮ ಟಾರ್ಗೆಟ್ ಮುಟ್ಟಿತಲ್ಲ ಅಂತ ಸುಮ್ಮನಿದ್ದರು.

ಕಾಲರ್ ಅಕ್ಕನಿಗೆ ಈ ಮುಯ್ಯಿ ಬೇಕಾಗಿತ್ತು. ವರ್ಷಗಟ್ಟಲೆ ಬಟ್ಟೆ ತಿರುಗಿಸಿ ತಿರುಗಿಸಿ ಅವಳ ಬಲಗೈ ಬೆರಳು ಜೋಮು ಹಿಡಿಯುತ್ತಿತ್ತು. ಮಧ್ಯಾಹ್ನದ ಮೇಲಂತೂ ಬೆರಳಿದೆಯೋ ಇಲ್ಲವೋ ತಿಳಿಯದು. ಸಂಜೆ ನಮ್ಮನೆ ಹೊಸ್ತಿಲ ಮೇಲೆ ಕೂತು ಬಿಸಿನೀರಿನಲ್ಲಿ ಕೈ ಅದ್ದುತ್ತಿದ್ದಳು. ಊರಿನಲ್ಲಿ ಇಬ್ಬರು ಮಕ್ಕಳು ಅವಳ ಅವ್ವನ ಹತ್ತಿರ ಓದುತ್ತಿದ್ದರು. ಗಂಡ ಇದ್ದೂ ಇಲ್ಲದವನು. ಇವಳ ಸಂಬಳ ನಿಂತರೆ ಮಕ್ಕಳ ಸ್ಕೂಲೂ ನಿಂತ ಹಾಗೆಯೇ. ಅವಳ ಹಿಂದಿನ ಮಿಷಿನ್‌ನವಳು ತೋಳು ಕೂರಿಸುವವಳು, ಬಾಯಿ ಜೋರು. ಅವಳಿಗೆ ಕಾಲರೂ ಬರುತ್ತಿತ್ತು. “ನಿನ್ ಕೈ ಮಲ್ಕೊಂಡ್ರೆ ಮಲ್ಕೊಳ್ಳಿ ಬಿಡಕ್ಕ, ನನ್ ಬಾಯಿ ಮಲಗಲ್ಲ, ಕೈಯೂ ಮಲಗಲ್ಲ” ಎನ್ನುತ್ತಾ ಅವಳೇ ಮುಯ್ಯಿ ಹಾಕುತ್ತಿದ್ದಳು. ಕಾಲರ್ ಅಕ್ಕ ಬೆಳಗಿನ ಹೊತ್ತು, ಕೈ ಚೆನ್ನಾಗಿರುವಾಗ, ಅವಳ ತೋಳುಗಳನ್ನು ಹೊಲಿದು ತೀರಿಸುತ್ತಿದ್ದಳು. ನಮ್ಮ ಹುಡುಗಿಗೆ ಎಲ್ಲ ಗೊತ್ತಿತ್ತು. ಬ್ಯಾಚು ಯಾವತ್ತೂ ಹಿಂದೆ ಬೀಳಲಿಲ್ಲ.

ಆಗ ಕ್ಯಾಮೆರಾ ಬಂತು.

ಒಂದೊಂದು ಮಿಷಿನ್ ನೆತ್ತಿಯ ಮೇಲೂ ಒಂದೊಂದು. ಅದು ಬರೀ ಫೋಟೋ ಹಿಡಿಯುವುದಲ್ಲವಂತೆ, ಎಐ ಅಂತೆ, ಅದಕ್ಕೆ ಬುದ್ಧಿ ಇದೆಯಂತೆ. ಯಾರ ಕೈ ಎಷ್ಟು ಹೊತ್ತು ಆಡಿತು, ಎಷ್ಟು ಹೊತ್ತು ನಿಂತಿತು ಅಂತ ತಾನೇ ಲೆಕ್ಕ ಹಾಕಿ, ಸೂಪರ್‌ವೈಸರ್ ಕೈಯಲ್ಲಿರುವ ಟ್ಯಾಬಿಗೆ ಹಸಿರು, ಹಳದಿ, ಕೆಂಪು ಚುಕ್ಕೆ ಕಳಿಸುತ್ತದೆ. ಒಂದು ಮಿಷಿನ್‌ಗೆ ಒಂದು ಚುಕ್ಕೆ. ಮೊದಲ ದಿನವೇ ತೋಳಿನವಳು ಅದಕ್ಕೆ ಹೆಸರಿಟ್ಟಳು, ಅತ್ತೆ ಅಂತ.

“ಬಗ್ಗಿ ಹೊಲಿಯೇ, ಅತ್ತೆ ನೋಡ್ತಾವ್ಳೆ.”

“ನೋಡ್ಲಿ ಬಿಡೆ, ಮನೇಲಿರೋಳು ನೋಡಲ್ವಾ? ಇವಳು ಬಾಯಾದ್ರೂ ಮುಚ್ಕೊಂಡವ್ಳೆ.”

ಮೊಮ್ಮಗಳು ಇದನ್ನು ಹೇಳಿ ನಕ್ಕಾಗ ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ಆ ಅತ್ತೆಗೆ ಕಾಲರ್ ಅಕ್ಕನ ಮಿಷಿನ್ ಅರ್ಥವಾಗಲಿಲ್ಲ. ಮಧ್ಯಾಹ್ನದ ಮೇಲೆ ಕೈ ಆಡುವುದು ಕಮ್ಮಿ, ಚುಕ್ಕೆ ಕೆಂಪು. ಸಂಜೆ ನೋಡಿದರೆ ಪೀಸಿನ ಲೆಕ್ಕ ಸರಿಯಾಗಿದೆ. ಇದು ಹೇಗೆ? ಅದನ್ನು ಕೂರಿಸಿದ ಕಂಪ್ಯೂಟರ್ ಹುಡುಗರು ಇಬ್ಬರು ಬಂದರು. ನಮ್ಮ ಹುಡುಗಿಯನ್ನು ಮೇಲಿನ ಎಸಿ ರೂಮಿಗೆ ಕರೆದರು.

ಅವತ್ತು ಅವಳು ಮನೆಗೆ ಬಂದ ರೀತಿ ನನ್ನ ಕಣ್ಣಲ್ಲೇ ಇದೆ. ಚಪ್ಪಲಿ ಬಿಡುವ ಮುಂಚೆಯೇ ಮಾತು.

“ಅಜ್ಜಿ, ಚೇರ್ ಮೇಲೆ ಕೂರ್ಸಿದ್ರು! ಟೀ ಕೊಟ್ರು, ಬಿಸ್ಕತ್ ಕೊಟ್ರು. ಮೇಡಂ ಮೇಡಂ ಅಂತಾರೆ ಅಜ್ಜಿ. ನಾನು ಹೇಳಿದ್ದೆಲ್ಲ ಬರ್ಕೊಂಡ್ರು.”

“ಏನ್ ಹೇಳ್ದೆ?”

“ಮುಯ್ಯಿ ಪೀಸ್ ವಿಷ್ಯ. ಯಾಕ್ ಮಾಡ್ತೀವಿ, ಹೆಂಗ್ ಮಾಡ್ತೀವಿ ಅಂತ. ಅತ್ತೆಗೂ ನಮ್ಮನೆ ರೂಢಿ ಗೊತ್ತಾಗ್ಬೇಕಲ್ಲ ಅಜ್ಜಿ, ಇಲ್ದಿದ್ರೆ ಸುಮ್ಸುಮ್ನೆ ಬೈತಾಳೆ. ಇನ್ಮೇಲೆ ಕಾಲರ್ ಅಕ್ಕನ ಚುಕ್ಕೆ ಕೆಂಪಾಗಲ್ಲ. ಇದನ್ನ ಅದಕ್ಕೆ ಕಲಿಸ್ತೀವಿ ಅಂದ್ರು.”

ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ವಂಶದಲ್ಲಿ ಯಾರನ್ನು ಯಾರು ಚೇರಿನ ಮೇಲೆ ಕೂರಿಸಿ ಕೇಳಿದ್ದರು? ಸುಂಕದಕಟ್ಟೆ ಸಂತೆಗೆ ಹೋದಾಗ ಹೂವಿನವಳಿಗೂ ಹೇಳಿದೆ, ಸೊಪ್ಪಿನವನಿಗೂ ಹೇಳಿದೆ. “ನನ್ ಮೊಮ್ಮಗಳು ಮಿಷಿನ್‌ಗೇ ಪಾಠ ಹೇಳ್ಕೊಡ್ತಾ ಇದಾಳೆ ಕಣಪ್ಪ” ಅಂದೆ. ಅವನು, “ನಮ್ ಹುಡುಗ್ನಿಗೂ ಒಂಚೂರ್ ಹೇಳ್ಕೊಡಕ್ ಹೇಳಮ್ಮ” ಅಂದ.

ಹುಡುಗರು ಸುಳ್ಳು ಹೇಳಿರಲಿಲ್ಲ. ಕಲಿಸಿದರು. ಒಂದು ಮೇಜಿನ ಬಂಡಲ್ ಇನ್ನೊಂದು ಮೇಜಿಗೆ ಹೋದರೆ, ಒಬ್ಬಳ ಪೀಸು ಇನ್ನೊಬ್ಬಳ ಕೈಯಲ್ಲಿ ಕಂಡರೆ, ಎರಡೂ ಮಿಷಿನ್‌ಗೆ ಕೆಂಪು. ಮುಯ್ಯಿ ಎಂದರೇನು ಅಂತ ಅದಕ್ಕೆ ಈಗ ಚೆನ್ನಾಗಿ ಗೊತ್ತಿತ್ತು. ಗೊತ್ತಾಗಿದ್ದರಿಂದಲೇ ಹಿಡಿಯಲು ಬಂತು. ತೋಳಿನವಳಿಗೆ ಕೆಂಪು ಬಂದ ದಿನ ಅವಳು ತಲೆ ಎತ್ತಿ ಕ್ಯಾಮೆರಾ ನೋಡಿದಳಂತೆ. ಮಾರನೆಯ ದಿನದಿಂದ ಯಾರೂ ಯಾರ ಬಂಡಲ್ಲನ್ನೂ ಮುಟ್ಟಲಿಲ್ಲ. ಕಾಲರ್ ಅಕ್ಕನ ಪೀಸು ದಿನಾ ಕಮ್ಮಿ ಬೀಳತೊಡಗಿತು.

ವಾರ ಕಳೆಯುತ್ತಿದ್ದ ಹಾಗೆ ಫ್ಲೋರ್ ಸಾರ್, ಅಂದರೆ ಎಲ್ಲ ಬ್ಯಾಚುಗಳ ಮೇಲಿನವರು, ಮೊಮ್ಮಗಳನ್ನು ಕರೆದು ಕಾಲರ್ ಅಕ್ಕನನ್ನು ಕೆಲಸದಿಂದ ಬಿಡಿಸಬೇಕು, ನೀನೇ ಅವಳಿಗೆ ಹೇಳು ಎಂದರು. ಅವಳು ಮನೆಗೆ ಬಂದು ಚೀಲ ಇಟ್ಟವಳು ಗೋಡೆಗೆ ಒರಗಿ ಕೂತಳು. ಅನ್ನ ಬೇಡ ಅಂದಳು. ಪಕ್ಕದ ಮನೆಯಿಂದ ಕಾಲರ್ ಅಕ್ಕ ಮಕ್ಕಳ ಜೊತೆ ಫೋನಿನಲ್ಲಿ ಮಾತಾಡುವ ದನಿ ಗೋಡೆ ದಾಟಿ ಕೇಳುತ್ತಿತ್ತು. ಹೋಂವರ್ಕ್ ಬರೆದೆಯಾ, ಅಜ್ಜಿಗೆ ಕಾಟ ಕೊಡಬೇಡ, ಹಬ್ಬಕ್ಕ ಬರ್ತೀನಿ.

“ನಾನೇ ಹೇಳ್ಬಿಟ್ಟೆ ಅಜ್ಜಿ. ನನ್ ಬಾಯಾರೆ ನಾನೇ ಹೇಳ್ಬಿಟ್ಟೆ.”

“ನೀನು ಒಳ್ಳೇದಕ್ಕೆ ಹೇಳಿದ್ದು ಕಣೇ ಮಗಾ.”

“ಒಳ್ಳೇದಕ್ಕೆ ಹೇಳಿದ್ರೆ ಒಳ್ಳೇದಾಗತ್ತಾ?”

ತಟ್ಟೆಗೆ ಹಾಕಿದ್ದ ಅನ್ನವನ್ನು ಮತ್ತೆ ಪಾತ್ರೆಗೆ ಹಾಕಿ ಮುಚ್ಚಿಟ್ಟೆ.

ಮಾರನೆಯ ದಿನ ಅವಳು ಸಾರ್ ಹತ್ತಿರ ಹೋಗಿ, ಮಿಷಿನ್ ಮಿಷಿನ್ ಎಣಿಸಬೇಡಿ, ಬ್ಯಾಚು ಎಣಿಸಿ, ಬ್ಯಾಚಿನ ಟಾರ್ಗೆಟ್ ಕಮ್ಮಿಯಾದರೆ ನನ್ನನ್ನು ತೆಗೆಯಿರಿ ಎಂದಳು. ಆಗಲಿಲ್ಲ. ಕಾಲರ್ ಅಕ್ಕನನ್ನು ದಾರ ಕತ್ತರಿಸಲು ಹಾಕಿ, ಹೆಲ್ಪರ್ ಸಂಬಳ ಕೊಡಿ ಎಂದಳು. ಹೆಲ್ಪರ್‌ಗಳೇ ಜಾಸ್ತಿ ಇದ್ದಾರೆ ಅಂದರು. ಆ ಮನುಷ್ಯ ಕೆಟ್ಟವರಲ್ಲ. ಇವಳ ಕಣ್ಣಲ್ಲಿ ನೀರು ಬಂದಾಗ ತಮ್ಮ ಮುಂದಿನ ಕಂಪ್ಯೂಟರ್ ತಿರುಗಿಸಿ ತೋರಿಸಿದರಂತೆ. ಅದರಲ್ಲಿ ಇವಳ ಬ್ಯಾಚೇ ಒಂದು ಚುಕ್ಕೆ. “ಇದನ್ನ ನೋಡೋರು ಇನ್ನೊಬ್ರಿದಾರಮ್ಮ. ಅವ್ರಿಗೆ ನಾನೊಂದು ಚುಕ್ಕೆ. ಯಾರಿಗ್ ಹೇಳ್ಲಿ?” ಎಂದರಂತೆ.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ನನಗೆ ಹೆದರಿಕೆಯೂ ಆಗುತ್ತದೆ, ಎದೆಯೂ ಉಬ್ಬುತ್ತದೆ. ಊಟದ ಹೊತ್ತಿಗೆ ಬ್ಯಾಚಿನವರೆಲ್ಲ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದಾಗ ಹೋಗಿ ಎದುರಿಗೆ ನಿಂತು, ಮುಯ್ಯಿ ಪೀಸಿನ ವಿಷಯ ಕಂಪ್ಯೂಟರ್ ಹುಡುಗರಿಗೆ ಹೇಳಿದ್ದು ನಾನೇ ಎಂದುಬಿಟ್ಟಳು. ಅಲ್ಲಿಯ ತನಕ ಅವರು ಯಾರೋ ಬೇರೆ ಬ್ಯಾಚಿನವರು ಚಾಡಿ ಹೇಳಿದ್ದಾರೆ ಅಂದುಕೊಂಡಿದ್ದರು. ಹೇಳದೇ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕ್ಯಾಮೆರಾ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಈಗ ಎಲ್ಲರೂ ಹಾಗೇ ಅಲ್ಲವೇ, ಸಿಸ್ಟಮ್ ಹೇಳ್ತು ಅಂತ.

ತೋಳಿನವಳು ಮೊದಲು ಬಾಯಿ ತೆಗೆದಳಂತೆ. “ಚೇರು ಸಿಕ್ತು, ಬಿಸ್ಕತ್ ಸಿಕ್ತು. ನಮ್ ಕಥೆ ಎಲ್ಲ ಬಿಚ್ಚಿಟ್ ಬಂದ್ಯಾ ತಾಯಿ?”

ಉಳಿದವರು ಡಬ್ಬಿ ಮುಚ್ಚಿ ಎದ್ದರು. ಕಾಲರ್ ಅಕ್ಕ ಮಾತ್ರ ಅಲ್ಲೇ ಕೂತಿದ್ದಳು. ಅವಳಿಗೆ ರೊಟ್ಟಿ ಮುರಿಯಲು ಬೆರಳು ಆಡುತ್ತಿರಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಮುರಿದು ಕೊಟ್ಟಳು. ಅವಳು ತಿಂದಳು. ಕೆಲಸ ಹೋಗುವ ಮಾತನ್ನು ಅವಳಿಗೆ ಹೇಳಿದ್ದು ಆಗ.

ಆ ಭಾನುವಾರ ನಮ್ಮ ಹುಡುಗಿ ಕೋಟನ್ನು ಒಗೆದು ಮಡಿಸಿ ಇಟ್ಟಳು. ವಾಪಸು ಕೊಡುತ್ತೇನೆ, ಇನ್ನು ಹೋಗುವುದಿಲ್ಲ ಎಂದಳು. ಅವಳ ಸಂಕಟ ಕಂಡು ನನಗೂ ಸಾಕಾಗಿತ್ತು. ಆಗ ಬಾಗಿಲಲ್ಲಿ ತೋಳಿನವಳು. ಹಿಂದೆ ಬ್ಯಾಚಿನ ಇನ್ನೂ ಒಂದಷ್ಟು ಹೆಂಗಸರು. ಜಗಳಕ್ಕೆ ಬಂದರೆಂದು ನಾನು ಸೆರಗು ಸಿಕ್ಕಿಸಿಕೊಂಡೆ.

“ಏನಜ್ಜಿ, ಹೊಡಿಯೋ ಹಂಗ್ ನಿಂತ್ಕೊಂಡಿದೀರ?” ಅಂದಳು ತೋಳಿನವಳು. “ಕೂತ್ಕೋಳಿ. ನಿಮ್ ಮೊಮ್ಮಗಳು ಕೆಲ್ಸ ಬಿಡ್ತಾಳಂತೆ, ನಿಜಾನಾ?”

“ನಿಮಗ್ಯಾಕ್ ಬೇಕೇ ಅದೆಲ್ಲ? ಬೈದಿದ್ದು ಸಾಲ್ದಾ?”

“ಬೈದ್ವಿ. ಇನ್ನೂ ಬೈತೀವಿ. ಆದ್ರೆ ಇವಳ್ ಬಿಟ್ರೆ ಆ ಟ್ಯಾಬು ಯಾರ್ ಕೈಗ್ ಹೋಗತ್ತೆ ಗೊತ್ತಾ? ಮೂರ್ನೇ ಬ್ಯಾಚಿನವನ ಕೈಗೆ. ಅವನು ಕೆಂಪು ಬಂದ ತಕ್ಷಣ ಮೈಕಲ್ಲಿ ಹೆಸ್ರು ಕೂಗ್ತಾನೆ. ತಪ್ ಮಾಡಿ ಎದುರಿಗ್ ಬಂದ್ ನಿಂತು ಹೇಳೋ ಸೂಪರ್‌ವೈಸರ್‌ನ ನಾನಂತೂ ಇದೇ ಮೊದ್ಲು ನೋಡಿದ್ದು. ಇವಳಾದ್ರೆ ಬೈಯಕ್ಕಾದ್ರೂ ಆಗತ್ತೆ.”

ಒಬ್ಬಿಬ್ಬರು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ, ಬಂದ ಹಾಗೇ ಹೋಯಿತು. ಮೊಮ್ಮಗಳು ನೆಲ ನೋಡುತ್ತಾ, “ಕಾಲರ್ ಅಕ್ಕ ಇರಲ್ವಲ್ಲ” ಅಂದಳು. ಕಾಲರ್ ಅಕ್ಕ ತನ್ನ ಮನೆ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದಳು.

“ತಂಗಿ, ನನ್ ಸಲುವಾಗಿ ನೀ ಬಿಟ್ಟಿ ಅಂದ್ರ ಇಬ್ಬರದೂ ಹೋತಲ್ಲ. ನಂದಂತೂ ಹೋತು” ಎಂದಳು. ಎಂದವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ನಾವೆಲ್ಲ ಕೂತೇ ಇದ್ದೆವು. ನಾನು ಕಾಫಿ ಮಾಡಿದೆ. ಕುಡಿದು ಹೋದರು.

ಸೋಮವಾರ ಅವಳು ಕೋಟು ಹಾಕಿಕೊಂಡು ಹೋದಳು. ಈಗಲೂ ಹೋಗುತ್ತಿದ್ದಾಳೆ. ಸಂಜೆ ಮಿಷಿನ್ ನಿಂತ ಮೇಲೆ ಟ್ಯಾಬನ್ನು ಬ್ಯಾಚಿನವರ ಮುಂದೆಯೇ ತೆಗೆದು, ಯಾರಿಗೆ ಏನು ಚುಕ್ಕೆ ಬಂದಿದೆ, ನಾನು ಸಾರ್‌ಗೆ ಏನು ಹೇಳುತ್ತೇನೆ ಅಂತ ಅವರಿಗೆ ಮೊದಲು ಹೇಳುತ್ತಾಳೆ. ಅವರನ್ನು ಕೇಳದೆ ಅವರ ಮಾತನ್ನು ಮೇಲೆ ಒಯ್ಯುವುದಿಲ್ಲ. ಅಷ್ಟು ಮಾತ್ರ ಅವಳ ಕೈಯಲ್ಲಿದೆ. ಮುಯ್ಯಿ ಪೀಸು ಮತ್ತೆ ಶುರುವಾಗಲಿಲ್ಲ. ಪಕ್ಕದವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದರೂ ತೋಳಿನವಳು ತನ್ನ ತೋಳು ತಾನು ಹೊಲಿಯುತ್ತಾಳೆ. ಸಾಲಿನಲ್ಲಿ ಮಾತೂ ಕಮ್ಮಿಯಾಗಿದೆಯಂತೆ. ಕ್ಯಾಮೆರಾವನ್ನು ಅತ್ತೆ ಅಂತ ಯಾರೂ ಅನ್ನುವುದಿಲ್ಲವಂತೆ.

ಕಾಲರ್ ಅಕ್ಕ ಊರಿಗೆ ಹೊರಟ ದಿನ ಮೊಮ್ಮಗಳಿಗೆ ರಜೆ ಸಿಗಲಿಲ್ಲ. ಅವಳು ಕೆಲಸಕ್ಕೆ ಹೋಗದಿದ್ದರೆ ಇಡೀ ಬ್ಯಾಚಿಗೇ ಕೆಂಪು. ಬೆಳಿಗ್ಗೆ ಬೇಗ ಎದ್ದು ಅವರಿಬ್ಬರೂ ವಠಾರದ ನಲ್ಲಿಯ ಹತ್ತಿರ ನಿಂತು ಏನೋ ಮಾತಾಡಿಕೊಂಡರು, ನನಗೆ ಕೇಳಲಿಲ್ಲ. ಬಸ್ ಸ್ಟಾಪಿಗೆ ನಾನು ಹೋದೆ. ಎರಡು ಚೀಲ, ಒಂದು ಸ್ಟೀಲ್ ಬಿಂದಿಗೆ, ಮಕ್ಕಳಿಗೆ ಕೊಂಡ ಬಣ್ಣದ ಪೆನ್ಸಿಲ್ಲು. ದೊಡ್ಡ ಚೀಲ ಅವಳ ಬಲಗೈಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಹಿಡಿದುಕೊಂಡೆ. ಊರಲ್ಲಿ ಏನು ಮಾಡುತ್ತೀಯೆಂದು ಕೇಳಿದೆ. “ನೋಡ್ಬೇಕ್ರಿ ಅಜ್ಜಿ” ಎಂದಳು. ಬೈಯಲಿ, ಅಳಲಿ ಅಂತ ಕಾಯುತ್ತಿದ್ದೆ. ಅವಳು ಎರಡೂ ಮಾಡಲಿಲ್ಲ. ಮಾಗಡಿ ರೋಡಿನ ಟ್ರಾಫಿಕ್ ನೋಡುತ್ತಾ ನಿಂತಿದ್ದಳು. ಬಸ್ಸು ಬಂದು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಅಜ್ಜಿ, ತಂಗಿಗೆ ಒಂದ್ ಮಾತ್ ಹೇಳ್ರಿ. ನನ್ ಮಿಷಿನ್ ಮ್ಯಾಲ ಯಾರರ ಹೊಸಾಕಿನ್ನ ಕೂಡಸ್ತಾರ. ಆ ಮಿಷಿನ್ ಬಟ್ಟಿ ಎಡಕ್ಕ ಜಗ್ಗತೈತಿ. ಸ್ವಲ್ಪ ಬಲಕ್ಕ ಹಿಡದು ಹೊಲಿ ಅಂತ ಆಕಿಗೆ ಮೊದಲ ಹೇಳಾಕ ಹೇಳ್ರಿ. ಇಲ್ಲಂದ್ರ ಪಾಪ, ಆಕಿಗೂ ಕೆಂಪ್ ಬರತೈತಿ.”

ಬಸ್ಸು ಹೋಯಿತು. ನಾನು ಆ ಮಾತನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ, ಮರೆತೇನೆಂದು ಹೆದರುತ್ತಾ ಮನೆಗೆ ಬಂದೆ. ಸಂಜೆ ಮೊಮ್ಮಗಳು ಬಂದು ಪಕ್ಕದ ಮನೆಯ ಬೀಗ ನೋಡಿ ಒಳಗೆ ಬಂದಳು. ಹೇಳಿದೆ. ಅವಳು ಚೀಲವನ್ನು ಹೆಗಲಿಂದ ಇಳಿಸದೆ ಹಾಗೇ ನಿಂತಳು.

“ಎಡಕ್ಕಾ?”

“ಎಡಕ್ಕೆ ಅಂದ್ಳು. ಸ್ವಲ್ಪ ಬಲಕ್ಕೆ ಹಿಡಿಬೇಕಂತೆ.”

“ಹೊಸ ಹುಡುಗಿ ಇವತ್ತೇ ಬಂದ್ಳು ಅಜ್ಜಿ. ಕೂತಾಗಿಂದ ಪೀಸೆಲ್ಲ ಸೊಟ್ಟ. ಯಾಕೆ ಅಂತ ನಂಗೂ ಗೊತ್ತಾಗ್ಲಿಲ್ಲ, ಟ್ಯಾಬ್‌ಗೂ ಗೊತ್ತಾಗ್ಲಿಲ್ಲ. ಅತ್ಕೊಂಡು ಹೋದ್ಳು.”

ಫೋನು ತೆಗೆದು ಆ ಹುಡುಗಿಗೆ ಹಚ್ಚಿದಳು. “ನಾಳೆ ಬಾಮ್ಮ, ಹೆದರ್ಬೇಡ. ನಿನ್ ಕೈಯಲ್ಲೇನೂ ತಪ್ಪಿಲ್ಲ” ಎನ್ನುತ್ತಾ ಹೊಸ್ತಿಲ ಮೇಲೆ ಕೂತಳು.